ಕಿವಿಗೂ ಮಡಿ ಬೇಕೇ?

ಒಳ್ಳೆಯ ಸಿಡಿ ಪ್ಲೇಯರ್ ಯಾವುದೆಂದು ಹೈ-ಫೈ ಬಲ್ಲವರನ್ನು ಕೇಳಿ ನೋಡಿ. ಉತ್ತರದ ಬದಲು ಮರುಪ್ರಶ್ನೆ ಬರುತ್ತದೆ: ಬಜೆಟ್ ಎಷ್ಟು? ನೀವು ಯಾವ ಮೊತ್ತ ಹೇಳಿದರೂ, ಸಂಗೀತ ‘ನಿಜವಾಗಿ’ ಕೇಳಿಸುವುದು ಅದರ ದುಪ್ಪಟ್ಟು ಬೆಲೆಯ ಯಂತ್ರದಲ್ಲೇ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ಸಾಧಾರಣ ಪ್ಲೇಯರಿನಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿದವರು ಕೇಳಿದ ಲೆಕ್ಕಕ್ಕೇ ಇಲ್ಲ. ಇದನ್ನು ಸಲಹೆ ಎನ್ನಲಾಗದು, ಇದು ಮಡಿ. ಫೆಲೋಶಿಪ್ ಹಣ ಯಾವ ತಿಂಗಳು ಬಂದೀತೆಂದು ಕಾಯುವ ನನ್ನಂಥವರು ಜಗಲಿಯಲ್ಲೇ ನಿಂತು ಇಣುಕಬೇಕು.

ತಮಾಷೆಯೆಂದರೆ, ಈ ಮಡಿಗೆ ಸ್ವಲ್ಪವೂ ಆಸ್ಪದವಿಲ್ಲದ ವಸ್ತು ಸಿಡಿ. ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು ಉಜ್ಜುತ್ತದೆ, ಕ್ಯಾಸೆಟ್ಟಿನ ಟೇಪು ಸವೆಯುತ್ತದೆ. ಅಲ್ಲಿ ಯಂತ್ರ ಬದಲಾದರೆ ದನಿಯೂ ಬದಲಾಗುತ್ತದೆ. ಸಿಡಿಯಲ್ಲಿ ಇರುವುದು ಅಂಕಿಗಳು. ಒಂದೊಂದು ಚಾನೆಲ್ಲಿಗೂ ಸೆಕೆಂಡಿಗೆ 44,100 ಅಂಕಿ, ಒಂದೊಂದೂ 16 ಬಿಟ್. ಪ್ಲೇಯರಿನ ಮೊದಲ ಕೆಲಸ ಅವನ್ನು ತಪ್ಪಿಲ್ಲದೆ ಓದುವುದು, ಎರಡನೆಯದು ವಿದ್ಯುತ್ ಅಲೆಯಾಗಿ ಮಾರ್ಪಡಿಸಿ ಆಂಪ್ಲಿಫೈಯರಿಗೆ ಕೊಡುವುದು. ಗೀರು ಬಿದ್ದರೂ ಓದಲು ಬರುವಂತೆ ತಿದ್ದುವ ಗಣಿತವನ್ನು ತಟ್ಟೆಯ ಬರಹದಲ್ಲೇ ಹೆಣೆದಿದ್ದಾರೆ; ಸಾಲಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್‌ವರೆಗೆ ಅಳಿಸಿಹೋದರೂ ಕಳೆದ ಅಂಕಿಗಳು ಪೂರ್ತಿ ವಾಪಸು ಸಿಗುತ್ತವೆ. ಸರಿಯಾಗಿ ಓದಿದ ಅಂಕಿ ಬಡವನ ಮನೆಯಲ್ಲೂ ಅದೇ, ಬಂಗಲೆಯಲ್ಲೂ ಅದೇ.

1982ರ ಅಕ್ಟೋಬರಿನಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಸಿಡಿಪಿ-101 ಎಂಬ ಮೊದಲ ಪ್ಲೇಯರನ್ನು ಮಾರಿದಾಗ ಬೆಲೆ 1,68,000 ಯೆನ್. ಆಗ ದುಬಾರಿಯಾಗಿದ್ದುದಕ್ಕೆ ಕಾರಣವಿತ್ತು, ಲೇಸರ್ರೂ ಚಿಪ್ಪೂ ಹೊಸವು. ಇಂದು ಅಂಕಿಯನ್ನು ಅಲೆಯಾಗಿಸುವ ಒಳ್ಳೆಯ ಚಿಪ್ಪು, ಅಂದರೆ ಡ್ಯಾಕ್, ಅಗ್ಗದ ಸಾಮಾನು. ಸಾಮಾನು ಅಗ್ಗವಾದರೂ ಅದರ ಸುತ್ತಲಿನ ಭಕ್ತಿ ಅಗ್ಗವಾಗಲಿಲ್ಲ.

‘ನಮಗೆ ವ್ಯತ್ಯಾಸ ಕೇಳಿಸುತ್ತದಲ್ಲ!’ ಎನ್ನುತ್ತಾರೆ. ಕೇಳಿಸುತ್ತದೆ, ಯಾವ ಪೆಟ್ಟಿಗೆ ಹಾಡುತ್ತಿದೆಯೆಂದು ಕಣ್ಣಿಗೆ ಗೊತ್ತಿರುವ ತನಕ. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಸಿಡಿಗಿಂತ ಮೇಲ್ದರ್ಜೆಯ ಧ್ವನಿಮುದ್ರಿಕೆಗಳನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ಸಿಡಿ ಮಟ್ಟಕ್ಕೆ ಇಳಿಸುವ ಯಂತ್ರದ ಮೂಲಕ ಹಾಯಿಸಿ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದರು. 554 ಸರದಿಗಳಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಅವುಗಳಲ್ಲಿ ಕೆಲವು ತಟ್ಟೆಗಳು ನಿಜಕ್ಕೂ ಮೇಲ್ದರ್ಜೆಯವಲ್ಲ ಎಂಬ ಆಕ್ಷೇಪ ಬಂತು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ನನ್ನ ವಾದಕ್ಕೆ ಅದರಿಂದ ಪೆಟ್ಟಿಲ್ಲ: ದನಿಯನ್ನು ಅಂಕಿಯಾಗಿಸಿ ಮತ್ತೆ ದನಿಯಾಗಿಸುವ ಯಂತ್ರವೊಂದು ನಡುವೆ ಕೂತಿದ್ದು ಮಾಮೂಲಿ ವಾಲ್ಯೂಮಿನಲ್ಲಿ ಪಳಗಿದ ಕಿವಿಗಳಿಗೂ ಗೊತ್ತಾಗಲಿಲ್ಲ.

ಅಂಗಡಿಯಲ್ಲಿ ಮಾತ್ರ ಗೊತ್ತಾಗುವುದು ಹೇಗೆ? ಒಂದು ಪ್ಲೇಯರಿನ ಔಟ್‌ಪುಟ್ ಎರಡು ವೋಲ್ಟ್ ಇದ್ದರೆ ಮತ್ತೊಂದರದು ತುಸು ಹೆಚ್ಚಿರುತ್ತದೆ. ತುಸು ಜೋರಾಗಿದ್ದದ್ದು ನಮಗೆ ಜೋರೆನ್ನಿಸುವುದಿಲ್ಲ, ‘ಸ್ಪಷ್ಟ’, ‘ಜೀವಂತ’ ಎನ್ನಿಸುತ್ತದೆ. ವಾಲ್ಯೂಮ್ ಅಳೆದು ಸಮ ಮಾಡದೆ ಹೋಲಿಸಿ ತೋರಿಸುವವರ ಮಾತಿಗೆ ಕಿವಿಗೊಡಬೇಡಿ. ಇನ್ನೊಂದು ಮಾತು: ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನೇ. ಲಕ್ಷದ ಪ್ಲೇಯರ್ ಕೊಳ್ಳುವ ತಾಕತ್ತು ಬರುವ ಹೊತ್ತಿಗೆ, ಅದು ಹಾಡುವುದರಲ್ಲಿ ಒಂದಿಷ್ಟು ಕೇಳುವ ತಾಕತ್ತು ಹೋಗಿರುತ್ತದೆ.

ಹಾಗಾದರೆ ಎಲ್ಲ ಪ್ಲೇಯರೂ ಒಂದೇ ಏನು? ಖಂಡಿತ ಅಲ್ಲ. ಕೆಟ್ಟ ಪ್ಲೇಯರ್‌ಗಳು ಧಾರಾಳವಾಗಿವೆ. ಆದರೆ ಅವು ಕೆಡುವುದು ‘ಸ್ವರದ ಉಷ್ಣತೆ’ಯಲ್ಲಿ ಅಲ್ಲ, ತಟ್ಟೆ ಓದುವುದರಲ್ಲಿ, ಮೋಟಾರಿನ ಗುಂಯ್‌ಗುಡುವಿಕೆಯಲ್ಲಿ, ಟ್ರೇ ತೆರೆಯುವ ರಬ್ಬರ್ ಬೆಲ್ಟಿನಲ್ಲಿ. ಆದ್ದರಿಂದ ಅಂಗಡಿಗೆ ಹೋಗುವಾಗ ಮನೆಯಲ್ಲಿರುವ ಅತಿ ಕೆಟ್ಟ ಸಿಡಿಯನ್ನು ಒಯ್ಯಿರಿ, ಗೀರು ಬಿದ್ದದ್ದು. ಗೆಳೆಯರು ಬರೆದುಕೊಟ್ಟ ಸಿಡಿ-ಆರ್ ಒಂದಿರಲಿ. ಕಛೇರಿಯ ಸಿಡಿ ಒಂದಿರಲಿ. ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ದಾಟುವಾಗ ತಂಬೂರಿಯ ಶ್ರುತಿ ಕಡಿಯಬಾರದು. ಐವತ್ತು-ನೂರು ಹಳೆಯ ಚಿತ್ರಗೀತೆ ತುಂಬಿದ ಎಂಪಿ3 ಸಿಡಿಗಳು ಕನ್ನಡದ ಮನೆಗಳಲ್ಲಿ ಹೇರಳ. ಎಷ್ಟೋ ದುಬಾರಿ ಪ್ಲೇಯರ್‌ಗಳು ಅವನ್ನು ನುಡಿಸುವುದೇ ಇಲ್ಲ. ಹಿಂಬದಿಯಲ್ಲಿ ಡಿಜಿಟಲ್ ಔಟ್‌ಪುಟ್ ಇದೆಯೇ ನೋಡಿ. ಒಳಗಿನ ಡ್ಯಾಕ್ ಕೆಟ್ಟರೆ ಹೊರಗೊಂದು ಜೋಡಿಸಬಹುದು. ಕೊನೆಯದಾಗಿ, ಲೇಸರ್ ಹೆಡ್ ಬದಲಿಗೆ ಸಿಗುತ್ತದೆಯೇ ಎಂದು ಮಾರುವವರನ್ನಲ್ಲ, ರಿಪೇರಿಯವರನ್ನು ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ, ಯಾವ ಯಂತ್ರಕ್ಕೆ ಆಯಸ್ಸಿದೆ ಎಂಬುದು ಬ್ರೋಷರಿಗಿಂತ ಚೆನ್ನಾಗಿ ತಿಳಿಯುತ್ತದೆ. ಡಿಜಿಟಲ್ ಔಟ್‌ಪುಟ್ ಇರುವ ಹಳೆಯ ಡಿವಿಡಿ ಪ್ಲೇಯರ್ ಮನೆಯಲ್ಲಿದ್ದರೆ ನಿಮಗೆ ಬೇಕಾದ್ದು ಆಗಲೇ ಅಟ್ಟದ ಮೇಲಿರಬಹುದು. ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿ. ದನಿ ನಿಜವಾಗಿ ಬದಲಾಗುವುದು ಅಲ್ಲಿ. ಅದನ್ನು ಗೋಡೆಯಿಂದ ಎಷ್ಟು ದೂರ ಇಟ್ಟಿರಿ, ಕೋಣೆಯಲ್ಲಿ ಪರದೆ, ಪುಸ್ತಕದ ಕಪಾಟು ಇವೆಯೇ ಎಂಬುದರಲ್ಲಿ.

‘ಫೋನಿನಲ್ಲೇ ಎಲ್ಲ ಸಿಗುವಾಗ ಈ ರಗಳೆ ಯಾಕೆ?’ ಎನ್ನುವವರೂ ಇದ್ದಾರೆ. ಆ ‘ಎಲ್ಲ’ ಎಂಬುದು ಒಪ್ಪಂದ ಮುಗಿಯುವ ತನಕ ಮಾತ್ರ. ಸುಗಮ ಸಂಗೀತದ ವಿಚಾರದಲ್ಲಿ ಇನ್ನೊಂದು ನಷ್ಟವಿದೆ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದ ಈಚೆಗೆ ನಮ್ಮಲ್ಲಿ ಕವಿತೆ ಮನೆಮನೆಗೆ ಹೋದದ್ದು ಹಾಡಾಗಿ. ಆ್ಯಪುಗಳಲ್ಲಿ ಎಷ್ಟೋ ಭಾವಗೀತೆಗಳ ಜೊತೆ ಗಾಯಕರ ಹೆಸರಿದೆ, ಕವಿಯ ಹೆಸರಿಲ್ಲ. ತಬಲಾ, ಕೊಳಲು ನುಡಿಸಿದವರ ಸುದ್ದಿಯಂತೂ ಕೇಳಲೇಬೇಡಿ. ಸಿಡಿಯ ಒಳಪುಟದಲ್ಲಿ ಇವರೆಲ್ಲ ಇನ್ನೂ ಇದ್ದಾರೆ. ಸಾಹಿತ್ಯದ ವಿದ್ಯಾರ್ಥಿಗೆ ಅದು ಆಕರ.

ಅದಕ್ಕೇ ಈ ಸಿಟ್ಟು. ಹಳೆಯ ಸಿಡಿಗಳು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿರುವಾಗ, ಅವನ್ನು ಎತ್ತಿಕೊಂಡು ಕೇಳಬೇಕಾದ ಹುಡುಗ ಹುಡುಗಿಯರನ್ನು ‘ನಿಮ್ಮ ಕೈಗೆಟುಕುವ ಯಂತ್ರದಲ್ಲಿ ಸಂಗೀತವಿಲ್ಲ’ ಎಂದು ಹೆದರಿಸಿ ಅಟ್ಟುವುದು ರಸಿಕತೆಯಲ್ಲ, ಅಪಚಾರ. ಭಾರದ ಲೋಹದ ಪೆಟ್ಟಿಗೆ, ನುಣ್ಣನೆ ಜಾರುವ ಟ್ರೇ ಇಷ್ಟವಾದರೆ, ದುಡ್ಡಿದ್ದರೆ, ಧಾರಾಳವಾಗಿ ಕೊಳ್ಳಿ. ರೇಷ್ಮೆ ಸೀರೆ ಉಟ್ಟವರನ್ನು ಯಾರೂ ಬೈಯುವುದಿಲ್ಲ. ಉಟ್ಟವರಿಗೆ ಮಾತ್ರ ರಾಗ ತಿಳಿಯುತ್ತದೆ ಎನ್ನಬೇಡಿ.