ಎಣಿಸುವವರಿದ್ದಾರೆ, ಓದುವವರಿಲ್ಲ

ವೈದ್ಯಕೀಯ ಕಾಲೇಜಿನ ಬಡ್ತಿ ಸಂದರ್ಶನದಲ್ಲಿ ಅಭ್ಯರ್ಥಿಯ ಸಂಶೋಧನಾ ಪ್ರಬಂಧಗಳ ಜೆರಾಕ್ಸ್ ಕಟ್ಟು ಮೇಜಿನ ಮೇಲಿರುತ್ತದೆ. ಅದನ್ನು ಬಿಚ್ಚಿ ಓದುವವರು ಅಪರೂಪ. ಎಷ್ಟು ಪ್ರಬಂಧ, ಯಾವ ಜರ್ನಲ್, ಲೇಖಕರ ಸಾಲಿನಲ್ಲಿ ಹೆಸರು ಎಷ್ಟನೆಯದು, ಎಚ್-ಇಂಡೆಕ್ಸ್ ಎಷ್ಟು ಎಂಬುದನ್ನು ನೋಡಿಕೊಂಡರೆ ಮುಗಿಯಿತು. ಈ ಸಂಶೋಧನೆಯಿಂದ ಗೊತ್ತಾದದ್ದೇನು ಎಂದು ಕೇಳುವವರಿಲ್ಲ.

ಲೆಕ್ಕ ಹಾಕುವ ಈ ಪದ್ಧತಿ ಸುಮ್ಮನೆ ಬಂದದ್ದಲ್ಲ. ದೆಹಲಿಯ ಹಿರಿಯ ಶಸ್ತ್ರಚಿಕಿತ್ಸಕ ಸಮೀರನ್ ನಂದಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. 2005ರಿಂದ 2014ರವರೆಗೆ ದೇಶದ 579 ವೈದ್ಯಕೀಯ ಸಂಸ್ಥೆಗಳ ಪೈಕಿ 332 ಸಂಸ್ಥೆಗಳಿಂದ ಒಂದೇ ಒಂದು ಪ್ರಬಂಧವೂ ಹೊರಬಂದಿರಲಿಲ್ಲ. ಖಾಸಗಿ ಕಾಲೇಜುಗಳ ಹಬ್ಬವೇ ನಡೆದಿದ್ದ ಕರ್ನಾಟಕ, ಕೇರಳಗಳಲ್ಲಿ ಶೇ 90ಕ್ಕೂ ಹೆಚ್ಚು ಕಾಲೇಜುಗಳ ಖಾತೆ ಸೊನ್ನೆ. ಬರೆಯದವರನ್ನು ಬರೆಯುವಂತೆ ಮಾಡಲು ಭಾರತೀಯ ವೈದ್ಯಕೀಯ ಮಂಡಳಿ ಬಡ್ತಿಗೂ ಪ್ರಕಟಣೆಗೂ ಗಂಟು ಹಾಕಿತು. ಅಸೋಸಿಯೇಟ್ ಪ್ರೊಫೆಸರ್ ಆಗಬೇಕೆಂದರೆ ನಿಗದಿತ ಸೂಚಿಗಳಲ್ಲಿರುವ ಜರ್ನಲ್‌ಗಳಲ್ಲಿ ಎರಡು ಪ್ರಬಂಧಗಳು ಬೇಕು ಎಂದಿತು. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ಪಾಠ, ರಾತ್ರಿ ಡ್ಯೂಟಿ ಮಾಡುವ ವೈದ್ಯರಿಗೆ ಸಂಶೋಧನೆಗೆಂದು ಸಮಯವನ್ನಾಗಲೀ ಹಣವನ್ನಾಗಲೀ ಯಾರೂ ಕೊಡಲಿಲ್ಲ. ಆ ಜಾಗಕ್ಕೆ ವ್ಯಾಪಾರಿಗಳು ಬಂದರು. ಹದಿನೈದು ದಿನದಲ್ಲಿ ಪ್ರಕಟಣೆ ಖಾತ್ರಿ, ಮೊದಲ ಲೇಖಕರ ಸ್ಥಾನಕ್ಕೆ ಇಂತಿಷ್ಟು ಎಂದು ವಾಟ್ಸ್‌ಆ್ಯಪ್‌ನಲ್ಲೇ ದರಪಟ್ಟಿ ಕಳಿಸುವವರು.

ಇನ್ನು ಎಚ್-ಇಂಡೆಕ್ಸ್. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ ಇದು. ಒಬ್ಬ ವೈದ್ಯೆಯ ಐದು ಪ್ರಬಂಧಗಳನ್ನು ಬೇರೆಯವರು ಕ್ರಮವಾಗಿ 40, 22, 9, 4 ಮತ್ತು 1 ಸಲ ಉಲ್ಲೇಖಿಸಿದ್ದಾರೆ ಎನ್ನಿ. ಕನಿಷ್ಠ ನಾಲ್ಕು ಉಲ್ಲೇಖ ಪಡೆದ ಪ್ರಬಂಧಗಳು ನಾಲ್ಕಿವೆ, ಹಾಗಾಗಿ ಅವರ ಎಚ್-ಇಂಡೆಕ್ಸ್ 4. ಮೊದಲ ಪ್ರಬಂಧ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿ 40ರ ಬದಲು 4,000 ಉಲ್ಲೇಖ ಪಡೆದರೂ ಅದು ನಾಲ್ಕೇ. ಇಪ್ಪತ್ತು ಸಾಧಾರಣ ಪ್ರಬಂಧಗಳಿಗೆ ತಲಾ ಇಪ್ಪತ್ತು ಉಲ್ಲೇಖ ಗಿಟ್ಟಿಸಿಕೊಂಡವರು ಐದು ಪಟ್ಟು ದೊಡ್ಡ ಸಂಶೋಧಕರು! ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಇನ್ನೊಂದು ಎಂದು ಒಬ್ಬರಿಗೇ ಎರಡು ಅಂಕಿ ಬರುವ ಗೊಂದಲ ಬೇರೆ. ಉಲ್ಲೇಖವೆಂದರೆ ಮೆಚ್ಚುಗೆ ಎಂದುಕೊಳ್ಳುವುದೂ ಸಲ್ಲ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ಪ್ರಕಟವಾಗಿ, 2010ರಲ್ಲಿ ‘ಲ್ಯಾನ್ಸೆಟ್’ ಹಿಂಪಡೆದ ವೇಕ್‌ಫೀಲ್ಡ್ ಪ್ರಬಂಧಕ್ಕೆ ಉಲ್ಲೇಖಗಳ ಬರವೇನೂ ಇಲ್ಲ. ಅದರಲ್ಲಿ ಹೆಚ್ಚಿನವು ಅದನ್ನು ಅಲ್ಲಗಳೆಯಲು ಬರೆದವು.

ಶಂಭುನಾಥ್ ಡೇ ಅವರ ಕಥೆ ಇದಕ್ಕೆ ತಿರುವುಮುರುವು. ಕಾಲರಾ ರೋಗಾಣು ಕರುಳಿನಲ್ಲೇ ಒಂದು ವಿಷವನ್ನು ಸುರಿಸುತ್ತದೆ, ದೇಹದ ನೀರು ಬಸಿದುಹೋಗುವುದು ಅದರಿಂದಲೇ ಎಂದು ತೋರಿಸಿದ್ದು ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಈ ಪೆಥಾಲಜಿ ಪ್ರಾಧ್ಯಾಪಕರು. ಸಲಕರಣೆ ಅಂಥದ್ದೇನಲ್ಲ. ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಕ್ಕೆ ರೋಗಾಣುವನ್ನೆಲ್ಲ ಸೋಸಿ ತೆಗೆದ ದ್ರವವನ್ನು ಚುಚ್ಚಿದರು. ರೋಗಾಣು ಇಲ್ಲದಿದ್ದರೂ ಕರುಳು ನೀರು ತುಂಬಿ ಉಬ್ಬಿತು. 1959ರಲ್ಲಿ ‘ನೇಚರ್’ ಅದನ್ನು ಪ್ರಕಟಿಸಿತು. ಮೊದಲ ವರ್ಷಗಳಲ್ಲಿ ಹೆಚ್ಚು ಮಂದಿ ಕಿವಿಗೊಡಲಿಲ್ಲ. ಆ ಹೊತ್ತಿನಲ್ಲಿ ಯಾವುದಾದರೂ ಸಮಿತಿ ಅವರ ಉಲ್ಲೇಖಗಳನ್ನು ಎಣಿಸಿದ್ದರೆ ಏನು ತೀರ್ಪು ಕೊಡುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್, ಡೇ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು. ನಮ್ಮ ವಿಜ್ಞಾನ ಅಕಾಡೆಮಿಗಳು ಫೆಲೋ ಕೂಡ ಮಾಡಿಕೊಳ್ಳಲಿಲ್ಲ. 1985ರಲ್ಲಿ ಅವರು ತೀರಿಕೊಂಡ ಮರುವರ್ಷ, ಕಾಲರಾ ಸಂಶೋಧನೆಯ ಉಲ್ಲೇಖಗಳ ಜಾಡು ಹಿಡಿದು ಅವರ ಮಹತ್ವವನ್ನು ಎತ್ತಿ ತೋರಿಸಿದವರು ಯೂಜೀನ್ ಗಾರ್ಫೀಲ್ಡ್, ಉಲ್ಲೇಖ ಸೂಚಿ ಎಂಬ ವ್ಯವಸ್ಥೆಯನ್ನೇ ಕಟ್ಟಿದವರು. ಅಂದರೆ ಆ ಉಪಕರಣ ಕೆಟ್ಟದ್ದಲ್ಲ. ಗಾರ್ಫೀಲ್ಡ್ ಅಂಕಿಯಿಂದ ಪ್ರಬಂಧದತ್ತ ಹೋದರು, ನಾವು ಪ್ರಬಂಧವನ್ನು ಬಿಟ್ಟು ಅಂಕಿಯ ಹತ್ತಿರವೇ ಕೂತಿದ್ದೇವೆ.

ನಮ್ಮ ಮಲೆನಾಡಿಗೆ ಬನ್ನಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಬಳಸುತ್ತಿದ್ದ ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಉಣುಗು ಕಚ್ಚಿ ಜನ ಜ್ವರ ಹಿಡಿದು ಮಲಗುವುದು ನಿಂತಿಲ್ಲ. ಈ ರೋಗದ ಮೇಲೆ ಜೀವಮಾನವಿಡೀ ದುಡಿದರೂ ಉಲ್ಲೇಖಿಸುವವರು ಬೆರಳೆಣಿಕೆ, ಏಕೆಂದರೆ ಪಶ್ಚಿಮಘಟ್ಟದ ಆಚೆ ಇದರ ಮೇಲೆ ಕೆಲಸ ಮಾಡುವವರೇ ಕಡಿಮೆ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯ ಪಾಡು ಇನ್ನೂ ಕಡೆ. ಕ್ಯಾನ್ಸರ್ ಅಥವಾ ಮಧುಮೇಹದ ಸಂಶೋಧಕರ ಪಕ್ಕ ಇವರನ್ನು ಎಚ್-ಇಂಡೆಕ್ಸ್ ಹಿಡಿದು ನಿಲ್ಲಿಸಿದರೆ, ಬುದ್ಧಿವಂತ ಯುವ ವೈದ್ಯರಿಗೆ ನಾವು ಹೇಳುವುದು ಇಷ್ಟೇ: ಊರಿನ ರೋಗದ ಗೊಡವೆ ಬೇಡ.

ಎಣಿಕೆಯ ಹಟ ಎಲ್ಲಿಗೆ ಮುಟ್ಟುತ್ತದೆಂದು ಚೀನಾ ತೋರಿಸಿದೆ. ನಕಲಿ ವಿಮರ್ಶಕರ ಹೆಸರಿನಲ್ಲಿ ತೇರ್ಗಡೆಯಾಗಿದ್ದ 107 ಪ್ರಬಂಧಗಳನ್ನು ‘ಟ್ಯೂಮರ್ ಬಯಾಲಜಿ’ ಜರ್ನಲ್‌ನಿಂದ 2017ರಲ್ಲಿ ಒಂದೇ ಏಟಿಗೆ ಹಿಂಪಡೆಯಲಾಯಿತು. ಬಹುಪಾಲು ಚೀನಾದ ವೈದ್ಯರವು. ಪ್ರಬಂಧಗಳ ಸಂಖ್ಯೆ ನೋಡಿ ಬಹುಮಾನ, ಬಡ್ತಿ ಕೊಡುವುದನ್ನು ಬಿಟ್ಟು ಆಯ್ದ ಕೆಲವು ಕೃತಿಗಳ ಗುಣ ನೋಡಿ ಎಂದು ಅಲ್ಲಿನ ಸರ್ಕಾರವೇ 2020ರಲ್ಲಿ ಹೇಳಬೇಕಾಯಿತು.

ನಮ್ಮಲ್ಲಿ ಅಂಕಿಯನ್ನು ಸುಮ್ಮನೆ ಕಿತ್ತೆಸೆದರೆ ಆ ಜಾಗದಲ್ಲಿ ವಶೀಲಿ ಬಂದು ಕೂರುತ್ತದೆ ಎಂಬ ಆತಂಕ ನಿಜ. ಗಾಡ್‌ಫಾದರ್ ಇಲ್ಲದ ಜಿಲ್ಲಾ ಕಾಲೇಜಿನ ವೈದ್ಯೆಗೆ ಇವತ್ತು ಆ ಸಂಖ್ಯೆಯೊಂದೇ ಆಸರೆ. ಆದ್ದರಿಂದ ಕನಿಷ್ಠ ಪ್ರಕಟಣೆಯ ನಿಯಮ ಹೊಸ್ತಿಲಾಗಿ ಇರಲಿ. ಅದನ್ನು ದಾಟಿದವರು ತಮ್ಮ ಎರಡು ಅತ್ಯುತ್ತಮ ಪ್ರಬಂಧಗಳನ್ನು ಆರಿಸಿ ಕೊಡಲಿ, ಅದರಲ್ಲಿ ತಾವು ಖುದ್ದಾಗಿ ಮಾಡಿದ್ದೇನು ಎಂದು ಅರ್ಧ ಪುಟ ಬರೆಯಲಿ. ಹೊರಗಿನ ಇಬ್ಬರು ತಜ್ಞರು ಓದಿ ಸಹಿ ಹಾಕಿದ ಅಭಿಪ್ರಾಯ ಬಡ್ತಿ ಆದೇಶದ ಜೊತೆಗೇ ಪ್ರಕಟವಾಗಲಿ. ಯಾರಿಗೆ ಪುರುಸೊತ್ತಿದೆ ಎಂದು ಕೇಳಬಹುದು. ಎಂಡಿ ವಿದ್ಯಾರ್ಥಿಯ ಪ್ರೌಢಪ್ರಬಂಧವನ್ನು ಹೊರಗಿನ ಪರೀಕ್ಷಕರಿಗೆ ಕಳಿಸಿ ಓದಿಸುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಆ ವಿದ್ಯಾರ್ಥಿಯ ಗೈಡ್‌ಗೆ ಬಡ್ತಿ ಕೊಡುವಾಗ ಮಾತ್ರ ಅದು ಏಕೆ ಆಗುವುದಿಲ್ಲ ಎಂಬುದನ್ನು ಮಂಡಳಿಯ ಜಾಗಕ್ಕೆ ಬಂದಿರುವ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಬೇಕು.