ರೊಟ್ಟಿ ಬಿಟ್ಟು ಇಸಬ್‌ಗೋಲ್ ಯಾಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಇದು ಜೋಳ, ಸಜ್ಜೆ, ನವಣೆ ತಿಂದು ಬೆಳೆದ ಸೀಮೆ. ಇಲ್ಲಿನ ಮುಸ್ಲಿಂ ಮನೆಗಳಲ್ಲೂ ದಿನದ ಊಟವೆಂದರೆ ಜೋಳದ ರೊಟ್ಟಿ, ಕಾಳುಪಲ್ಯ, ಪುಂಡಿಸೊಪ್ಪು. ಬಿರಿಯಾನಿ ಶಾದಿಗೆ, ಹಬ್ಬಕ್ಕೆ. ಈಗ ನಿಮ್ಮ ಮನೆಯ ಊಟವನ್ನೇ ನೋಡಿ: ಬೆಳಿಗ್ಗೆ ಚಹಾದೊಂದಿಗೆ ಬನ್ನು, ಎರಡು ಹೊತ್ತು ಬಿಳಿ ಅನ್ನ, ಸಂಜೆ ಮಂಡಕ್ಕಿ ಮಿರ್ಚಿ. ಕಪಾಟಿನಲ್ಲಿ ಇಸಬ್‌ಗೋಲ್ ಡಬ್ಬಿ. ಜೋಳದಲ್ಲಿದ್ದ ನಾರನ್ನು ಬಿಟ್ಟು, ಇನ್ನೊಂದು ಬೀಜದ ಹೊಟ್ಟನ್ನು ದುಡ್ಡು ಕೊಟ್ಟು ನುಂಗುತ್ತಿದ್ದೇವೆ!

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ಮೈದಾದ ಕಥೆಯೂ ಅಷ್ಟೇ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 150 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ 15 ಗ್ರಾಂ ಬಂದೇಬಿಟ್ಟಿತು. ಅಷ್ಟೇ ಅಕ್ಕಿಯ ಅನ್ನದಲ್ಲಿ ನಾಲ್ಕು ಗ್ರಾಂ.

ನಾರು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ, ಅದರ ಉಪಯೋಗವೇ ಅದು. ಒಂದಿಷ್ಟು ನಾರು ನೀರು ಹಿಡಿದುಕೊಂಡು ಮಲವನ್ನು ಮೆತ್ತಗೆ, ತುಂಬಿಕೊಂಡಂತೆ ಇಡುತ್ತದೆ. ಇನ್ನೊಂದಿಷ್ಟನ್ನು ದೊಡ್ಡ ಕರುಳಿನ ಸೂಕ್ಷ್ಮಾಣುಗಳು ತಿಂದು, ಕರುಳಿನ ಒಳಪದರಕ್ಕೆ ಬೇಕಾದ ಆಹಾರ ತಯಾರಿಸುತ್ತವೆ. ಕಾಳು, ಓಟ್ಸ್‌ನಂಥವುಗಳಲ್ಲಿರುವ ಅಂಟುನಾರು ಊಟದ ನಂತರ ಸಕ್ಕರೆ ಒಮ್ಮೆಲೇ ಏರದಂತೆಯೂ ತಡೆಯುತ್ತದೆ. ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಇದರ ಕಷ್ಟ ಹೆಚ್ಚು ಬೀಳುವುದು ಹೆಂಗಸರ ಮೇಲೆ. ಬಸುರಿಯಲ್ಲಿ, ಬಾಣಂತನದಲ್ಲಿ ಮಲಬದ್ಧತೆ ಸಾಮಾನ್ಯ. ಆದರೆ ನಾಚಿಕೆಯಿಂದ ಗಂಡನಿಗೂ ಹೇಳದೆ, ಮೂಲವ್ಯಾಧಿಯಾಗುವ ತನಕ ನುಂಗಿಕೊಂಡಿರುತ್ತಾರೆ. "ಹಾಗಾದರೆ ರೊಟ್ಟಿ ಬಡಿಯಲಿ" ಎಂದು ಗಂಡಸರು ಸುಲಭವಾಗಿ ಹೇಳಿಬಿಡಬಾರದು. ಒಲೆಯ ಮುಂದೆ ಕೂತು ಹತ್ತಾರು ರೊಟ್ಟಿ ಬಡಿಯುವ ಶ್ರಮದಿಂದಲೇ ಅನ್ನ ಗೆದ್ದಿದೆ. ನೆರೆಮನೆಯವರು ಮಾಡಿ ಮಾರುವ ಕಡಕ್ ರೊಟ್ಟಿ ಕೊಂಡು ತನ್ನಿ, ಬಿರಿಯಾನಿಗೆ ಕೊಡುವ ದುಡ್ಡಿನ ಎದುರು ಅದು ಎಷ್ಟು? ಹುರುಳಿ, ಅಲಸಂದಿ, ಮಡಿಕೆಕಾಳನ್ನು ರಾತ್ರಿ ನೆನೆಸಿಡಲು ಗಂಡಸರ ಕೈಗೂ ಆಗುತ್ತದೆ.

ರಮಝಾನ್‌ನಲ್ಲಿ ಸಹರಿಗೆ ಅನ್ನದ ಬದಲು ರೊಟ್ಟಿ, ಕಾಳು ಇಡಿ. ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ದಾವತ್ತಿನಲ್ಲಿ ಬಿರಿಯಾನಿ ಬೇಡ ಎನ್ನುತ್ತಿಲ್ಲ (ಎಂದರೂ ಯಾರು ಕೇಳುತ್ತಾರೆ!), ಪಕ್ಕದ ಸೌತೆಕಾಯಿ, ಉಳ್ಳಾಗಡ್ಡಿಯ ಕಚುಂಬರ್ ಅಲಂಕಾರಕ್ಕಲ್ಲ, ಬಟ್ಟಲು ತುಂಬ ಹಾಕಿ.

ಆದರೆ ಒಂದೇ ದಿನದಲ್ಲಿ ಬದಲಾಯಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರೂ ಹೆಚ್ಚಲಿ. ನೀರಿಲ್ಲದ ನಾರು ಮಲವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ರೀತಿ ವಾರಗಟ್ಟಲೆ ಬದಲಾದರೆ ರೊಟ್ಟಿಯನ್ನೂ ಪುಡಿಯನ್ನೂ ನಂಬಿ ಕೂರದೆ ವೈದ್ಯರಿಗೆ ತೋರಿಸಿ.