ಕೂಡು ಕಣಜ, ಪಾಲಾದ ಕಣಜ

ವಿಡಿಯೊ ಆಟದ ಯಂತ್ರ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವುದು 'ಮೆಮೊರಿ ಎಷ್ಟಿದೆ?' ಎಂದು. ಅದನ್ನು ಹೇಗೆ ಹಂಚಲಾಗಿದೆ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯ ತೂಕ ಅರಿಯಲು ಎರಡು ಪ್ರತಿಸ್ಪರ್ಧಿ ಯಂತ್ರಗಳನ್ನು ನೋಡೋಣ.

ಮೈಕ್ರೊಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360 ಬಂದದ್ದು 2005ರಲ್ಲಿ. ಸೋನಿಯ ಪ್ಲೇಸ್ಟೇಷನ್ 3 ಬಂದದ್ದು 2006ರಲ್ಲಿ. ಎರಡರಲ್ಲೂ ಮುಖ್ಯ ಮೆಮೊರಿ ಒಟ್ಟು 512 ಮೆಗಾಬೈಟ್. ಹಂಚಿಕೆ ಮಾತ್ರ ಬೇರೆ ಬೇರೆ.

ಇಂಥ ಯಂತ್ರದೊಳಗೆ ಇಬ್ಬರು ದುಡಿಯುತ್ತಾರೆ. ಲೆಕ್ಕ ಮಾಡುವ ಪ್ರೊಸೆಸರ್ ಅಣ್ಣನಾದರೆ, ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ ತಮ್ಮ. ಸೋನಿ ಇವರಿಗೆ ಪಾಲು ಮಾಡಿಕೊಟ್ಟು, ತಲಾ 256 ಮೆಗಾಬೈಟ್‌ನ ಕಣಜ ಕಟ್ಟಿಸಿತು. ಅವರವರ ಕಣಜಕ್ಕೆ ಅವರವರದೇ ದಾರಿ. ಹಾಗಾಗಿ ನೂಕುನುಗ್ಗಲು ಕಡಿಮೆ. ಆದರೆ ಅಣ್ಣನ ಕಣಜ ತುಂಬಿ, ತಮ್ಮನದರಲ್ಲಿ ಜಾಗ ಉಳಿದರೂ ಅಷ್ಟು ಪ್ರಯೋಜನವಿಲ್ಲ. ಅಲ್ಲಿಂದ ಅಣ್ಣ ಮಾಹಿತಿ ಓದುವುದು ತೀರಾ ನಿಧಾನ. ಆಟ ರಚಿಸುವವರು ಎರಡೂ ಪಾಲಿಗೆ ಹೊಂದುವಂತೆ ಅಳೆದು ಸುರಿಯಬೇಕಾಯಿತು.

ಮೈಕ್ರೊಸಾಫ್ಟ್‌ನದು ಕೂಡುಕುಟುಂಬ. ಕಣಜ ಒಂದೇ, ಯಾರಿಗೆಷ್ಟು ಎಂಬುದನ್ನು ಆಟ ರಚಿಸುವವರೇ ನಿರ್ಧರಿಸಬಹುದು. ಆದರೆ ದಾರಿಯೂ ಒಂದೇ. ಸೆಕೆಂಡಿಗೆ 22.4 ಗಿಗಾಬೈಟ್ ಸಾಗುವ ಆ ದಾರಿಯಲ್ಲಿ ಇಬ್ಬರೂ ಓಡಾಡಬೇಕು. ಈ ದಟ್ಟಣೆ ತಗ್ಗಿಸಲು ಗ್ರಾಫಿಕ್ಸ್ ಚಿಪ್‌ನ ಪಕ್ಕದಲ್ಲೇ 10 ಮೆಗಾಬೈಟ್‌ನ ಅತಿವೇಗದ ಪುಟ್ಟ ಮೆಮೊರಿಯನ್ನು ಇರಿಸಿದರು.

ಬರೀ ಹತ್ತು ಸಾಕೇ? ವಿದ್ಯಾರ್ಥಿಗಳು ಗುಣಿಸಿ ನೋಡಬಹುದು. ತೆರೆಯ ಚಿತ್ರದಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 720 ಬಿಂದುಗಳಿದ್ದರೆ ಒಟ್ಟು 9,21,600. ಪ್ರತಿ ಬಿಂದುವಿನ ಬಣ್ಣಕ್ಕೆ 4 ಬೈಟ್, ದೂರ ಗುರುತಿಸಲು 4 ಬೈಟ್. ಎಲ್ಲ ಸೇರಿ 73,72,800 ಬೈಟ್, ಅಂದರೆ ಸುಮಾರು 7 ಮೆಗಾಬೈಟ್. ಹತ್ತರೊಳಗೆ ಹಿಡಿಯಿತು!

2013ರಲ್ಲಿ ಬಂದ ಪ್ಲೇಸ್ಟೇಷನ್ 4ರಲ್ಲಿ ಸೋನಿಯೂ ಪಾಲು ಬಿಟ್ಟು, 8 ಗಿಗಾಬೈಟ್‌ನ ಒಂದೇ ಕಣಜಕ್ಕೆ ಬಂತು. ಅದೇ ವರ್ಷದ ಎಕ್ಸ್‌ಬಾಕ್ಸ್ ಒನ್‌ನಲ್ಲಿಯೂ 8 ಗಿಗಾಬೈಟೇ. ಆದರೆ ಸೋನಿಯ ದಾರಿಯಲ್ಲಿ ಸೆಕೆಂಡಿಗೆ 176 ಗಿಗಾಬೈಟ್ ಸಾಗಿದರೆ, ಇದರ ಮುಖ್ಯ ದಾರಿಯಲ್ಲಿ ಸುಮಾರು 68. ಕೊರತೆ ತುಂಬಲು ಇಲ್ಲಿಯೂ 32 ಮೆಗಾಬೈಟ್‌ನ ಪುಟ್ಟ ಮೆಮೊರಿ ಬೇಕಾಯಿತು.

ಮಕ್ಕಳಿಗೆ ಕಂಪ್ಯೂಟರ್ ಕೊಳ್ಳುವ ಪಾಲಕರಿಗೂ ಈ ಮಾತು ಅನ್ವಯ. ಗ್ರಾಫಿಕ್ಸ್‌ಗೆ ಪ್ರತ್ಯೇಕ ಮೆಮೊರಿ ಇಲ್ಲದ ಕಂಪ್ಯೂಟರ್ ಮುಖ್ಯ ಮೆಮೊರಿಯಿಂದಲೇ ಪಾಲು ಪಡೆಯುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯ ಜೊತೆಗೆ, ಅದು ಯಾರಿಗೆಷ್ಟು, ದಾರಿ ಎಷ್ಟು ಅಗಲ ಎಂದೂ ವಿಚಾರಿಸಿಯೇ ಹಣ ಕೊಡುವುದು ಜಾಣತನ.